ಅತ್ತೆಯ ಕೈಯ ಥಾಲಿಪೀಠ

ಅಡುಗೆಮನೆಯ ಬಗ್ಗೆ ನನಗೆ ಮೊದಲಿನಿಂದಲೂ ಅಪಾರ ಗೌರವ. ಗೌರವ ಹೆಚ್ಚಾದ ಕಡೆಗೆ ಮನುಷ್ಯ ಬಹಳ ಹತ್ತಿರ ಹೋಗುವುದಿಲ್ಲ, ದೂರದಿಂದಲೇ ಕೈಮುಗಿದು ಸುಮ್ಮನಾಗುತ್ತಾನೆ. ಮದುವೆಯಾಗಿ ಹದಿನಾಲ್ಕು ವರ್ಷ ನಾನು ಮಾಡಿದ್ದೂ ಅಷ್ಟೇ. ಹೊಸ್ತಿಲ ಈಚೆ ಪೇಪರು ಹಿಡಿದು ಕೂತು, ಒಳಗಿನಿಂದ ಬಂದದ್ದನ್ನು ತಿಂದು, ಉಪ್ಪು ಕಡಿಮೆಯಾಗಿದ್ದರೆ ಹೇಳಿ, ಸರಿಯಾಗಿದ್ದರೆ ಹೇಳದೆ, ತಟ್ಟೆಯನ್ನು ಕೂತಲ್ಲೇ ಬಿಟ್ಟು ಎದ್ದು ಹೋಗುವ ಸಭ್ಯ ಗೃಹಸ್ಥ ನಾನಾಗಿದ್ದೆ. ಅಂಥ ನನ್ನನ್ನು ಇವತ್ತು ನಮ್ಮ ಓಣಿಯ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ಬೆರಳು ಮಾಡಿ ತೋರಿಸುತ್ತಾರೆ. "ಆ ಡ್ರಾಯಿಂಗ್ ಮಾಸ್ತರನ್ನ ನೋಡಿ ಕಲೀರಿ" ಎನ್ನುತ್ತಾರೆ. ಆ ಗಂಡಂದಿರು ಹಾಲಿನ ಅಂಗಡಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ನಾನು ಈ ಸ್ಥಿತಿಗೆ ಹೇಗೆ ಬಂದೆ ಎಂಬುದನ್ನು ಯಾರಿಗಾದರೂ ಒಮ್ಮೆ ನಿಜವಾಗಿ ಹೇಳಿಬಿಡಬೇಕು. ಮನೆಯಲ್ಲಿ ಹೇಳುವಂತಿಲ್ಲ, ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಹೆಂಡತಿ ಸುನಂದಾ ಕಬ್ಬೂರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಒಬ್ಬಳೇ ಮಗಳು ವಸತಿ ಶಾಲೆಯಲ್ಲಿ ಓದುತ್ತಿದ್ದಳು. ಸುನಂದಾಳ ತವರು ನಿಪ್ಪಾಣಿ. ಅವಳ ತಂದೆ, ಅಂದರೆ ನನ್ನ ಮಾವ, ಅಲ್ಲಿ ತಂಬಾಕಿನ ವಖಾರಿಯೊಂದರಲ್ಲಿ ಮುಕಾದಮರಾಗಿದ್ದವರು. ಗೋದಾಮಿನಲ್ಲಿ ದುಡಿಯುವ ನಲವತ್ತು ಜನರ ಮೇಲಿನ ಯಜಮಾನಿಕೆ ಅವರದು. ಬಿಳಿ ಟೋಪಿ, ಬಿಳಿ ಧೋತರ, ಎರಡೂ ಕಡೆ ಮೇಲಕ್ಕೆ ತಿರುಗಿದ ಮೀಸೆ. ಅವರು ವಖಾರಿಯ ಬಾಗಿಲಲ್ಲಿ ನಿಂತು ಒಮ್ಮೆ ಕೆಮ್ಮಿದರೆ ಒಳಗೆ ಹರಟುತ್ತಿದ್ದವರೆಲ್ಲ ತಂಬಾಕಿನ ಮೂಟೆ ಎತ್ತುತ್ತಿದ್ದರಂತೆ. ಅವರು ನನ್ನನ್ನು ಮೊದಲ ಸಲ ನೋಡಲು ಬಂದಾಗಲೂ ಒಮ್ಮೆ ಕೆಮ್ಮಿದ್ದರು. ಎತ್ತಲು ಮೂಟೆ ಇರಲಿಲ್ಲವಾದ್ದರಿಂದ ನಾನು ಪಕ್ಕದಲ್ಲಿದ್ದ ಕುರ್ಚಿ ಎತ್ತಿದ್ದೆ.

ಸುನಂದಾಳ ತಮ್ಮ ದೂರದ ಊರಿನಲ್ಲಿ ನೌಕರಿಯಲ್ಲಿದ್ದುದರಿಂದ, ಅತ್ತೆ ತೀರಿಕೊಂಡ ಮೇಲೆ ಅವಳೇ ತಂದೆಯನ್ನು ನಮ್ಮ ಮನೆಗೆ ಕರೆತಂದಳು. ಅವರು ಬಂದದ್ದೇನೋ ಬಂದರು, ಆದರೆ ಊಟವನ್ನು ನಿಪ್ಪಾಣಿಯಲ್ಲೇ ಬಿಟ್ಟು ಬಂದಿದ್ದರು. ಮಧ್ಯಾಹ್ನ ಅರ್ಧ ರೊಟ್ಟಿ, ರಾತ್ರಿ ಒಂದು ಹಿಡಿ ಅನ್ನ. ಬೆಳಗಿನ ನಾಷ್ಟಾ ಎಂದರೆ ಚಹದ ಕಪ್ಪು ಮಾತ್ರ. ಮೀಸೆ ಮೊದಲಿನಷ್ಟೇ ಇತ್ತು, ಅದರ ಹಿಂದಿನ ಮುಖ ದಿನೇದಿನೇ ಸಣ್ಣದಾಗುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿ, "ರೋಗ ಏನೂ ಇಲ್ರಿ, ಹೊಟ್ಟಿತುಂಬ ಊಟ ಇಲ್ಲ, ಅಷ್ಟ" ಎಂದು ಟಾನಿಕ್ಕು ಬರೆದುಕೊಟ್ಟರು. ಟಾನಿಕ್ಕನ್ನು ಮಾವ ತಪ್ಪದೆ ಕುಡಿದರು. ಊಟಕ್ಕೆ ಮಾತ್ರ "ಪುರೇ, ಪುರೇ" ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.

ಇಲ್ಲಿ ಥಾಲಿಪೀಠದ ವಿಷಯ ಹೇಳಲೇಬೇಕು. ಜೋಳ, ಸಜ್ಜೆ, ಗೋಧಿ, ಕಡಲೆಬೇಳೆ, ಉದ್ದು, ಕೊತ್ತಂಬರಿ ಕಾಳು ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು ಒಟ್ಟಿಗೆ ಬೀಸಿಸಿದ ಹಿಟ್ಟಿಗೆ ನಮ್ಮ ಕಡೆ ಭಾಜಣಿ ಎನ್ನುತ್ತಾರೆ. ಅದಕ್ಕೆ ಉಳ್ಳಾಗಡ್ಡಿ, ಹಸಿಮೆಣಸು, ಕೊತ್ತಂಬರಿ ಹಾಕಿ ಕಲಸಿ, ಒದ್ದೆ ಬಟ್ಟೆಯ ಮೇಲೆ ತಟ್ಟಿ, ಹಂಚಿಗೆ ಹಾಕಿ, ನಡುವೆ ತೂತು ಮಾಡಿ ಎಣ್ಣೆ ಬಿಟ್ಟು ಬೇಯಿಸಿದರೆ ಥಾಲಿಪೀಠ. ಎಲ್ಲರ ಮನೆಯಲ್ಲೂ ಮಾಡುತ್ತಾರೆ. ಆದರೆ ನನ್ನ ಅತ್ತೆಯ ಮನೆಯದು ಹೆಬ್ಬೆರಳಿನಷ್ಟು ದಪ್ಪ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಮೇಲೆ ಒಂದು ಉಂಡೆ ಬೆಣ್ಣೆ, ಪಕ್ಕದಲ್ಲಿ ಶೇಂಗಾ ಚಟ್ನಿ. ಬೆಳಿಗ್ಗೆ ಎರಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ಕೂಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಆಸೆಪಟ್ಟು ನಾಲ್ಕು ತಿಂದು, ಮರುದಿನ ಸಂಜೆಯವರೆಗೆ ಅಳಿಯನ ಗಾಂಭೀರ್ಯದಿಂದ ಅಲುಗಾಡದೆ ಕೂತಿದ್ದೆ.

ಸುನಂದಾ ಮಾಡಿದರೆ ಆ ದಪ್ಪ ಬರುತ್ತಿರಲಿಲ್ಲ. ದಪ್ಪ ಮಾಡಿದರೆ ಒಳಗೆ ಬೇಯುತ್ತಿರಲಿಲ್ಲ, ಬೇಯಿಸಿದರೆ ಹೊರಗೆ ಸುಡುತ್ತಿತ್ತು. ಪ್ರತಿ ಸಲವೂ ಅವಳು ನಿಟ್ಟುಸಿರು ಬಿಟ್ಟು, "ನಮ್ಮ ಆಯಿ ಕೈಗುಣ ಬ್ಯಾರೇನ ಇತ್ತ್ರಿ. ಅದು ಹೇಳಿದ್ರ ಬರೂದಲ್ಲ" ಎನ್ನುತ್ತಿದ್ದಳು. ನಾನೂ ತಲೆಯಾಡಿಸುತ್ತಿದ್ದೆ. ಅತ್ತೆಯ ಕೈಗುಣವನ್ನು ಹೊಗಳುವುದರಲ್ಲಿ ಹೆಂಡತಿಯ ಕೈಗುಣವನ್ನು ಮಾತಿಲ್ಲದೆ ತೆಗಳುವ ಒಂದು ಸೌಲಭ್ಯವೂ ಇರುತ್ತದೆ. ಅದನ್ನು ನಾನು ಹದಿನಾಲ್ಕು ವರ್ಷ ಧಾರಾಳವಾಗಿ ಬಳಸಿಕೊಂಡಿದ್ದೆ.

ಹೀಗಿರುವಾಗ ಸುನಂದಾಳಿಗೆ ಬೆಳಗಾವಿಯಲ್ಲಿ ಹನ್ನೆರಡು ದಿನದ ತರಬೇತಿ ಬಂತು. ಅಲ್ಲಿಯೇ ಉಳಿಯಬೇಕು. ಹೋಗಲೇಬೇಕು. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗು ಹಿಡಿದು ನಿಂತವಳು ಬಸ್ಸು ಬಂದ ಮೇಲೂ ಹತ್ತಲಿಲ್ಲ.

"ಮಧ್ಯಾಹ್ನ, ರಾತ್ರಿ ಬಾಜೂ ಮನಿ ಅಕ್ಕಾರು ರೊಟ್ಟಿ ಪಲ್ಯ ಕೊಡ್ತಾರ. ಮುಂಜಾನಿದು ಮಾತ್ರ ನೀವ ನೋಡ್ಕೋಬೇಕು. ಬಾಬಾ ಏನರ ಒಂದು ಹೊಟ್ಟಿತುಂಬ ತಿನ್ನೂ ಹಂಗ ಮಾಡ್ರಿ" ಎಂದಳು.

"ಅದೇನ್ ದೊಡ್ಡ ಮಾತು? ನಾ ನೋಡ್ಕೋತೀನಿ" ಎಂದೆ.

"ನೀವು ನೋಡ್ಕೋತೀರಿ ಅಂತನ ನನಗ ಹೆದರಿಕಿ" ಎಂದು ಬಸ್ಸು ಹತ್ತಿದಳು. ಕಿಟಕಿಯಲ್ಲಿ ಅವಳು ಕಣ್ಣೊರೆಸಿಕೊಂಡದ್ದನ್ನು ನೋಡಿ ನನಗೂ ಒಂದು ಥರ ಆಯಿತು. ತಾಯಿಯನ್ನು ಕಳೆದುಕೊಂಡು ವರ್ಷ ತುಂಬಿರಲಿಲ್ಲ. ಈಗ ತಂದೆ ಕಣ್ಣೆದುರೇ ಸೊರಗುತ್ತಿದ್ದರು. ಆ ತಂದೆಯನ್ನು ಅವಳು ಬಿಟ್ಟುಹೋಗುತ್ತಿದ್ದದ್ದು ಗ್ಯಾಸು ಹೊತ್ತಿಸಲು ಮೂರು ಕಡ್ಡಿ ಬೇಕಾಗುವ ಒಬ್ಬ ಮನುಷ್ಯನ ಕೈಯಲ್ಲಿ.

ಮೊದಲ ದಿನ ಹೋಟೆಲ್ಲಿನಿಂದ ಇಡ್ಲಿ ತಂದೆ. ಮಾವ ಅರ್ಧ ಇಡ್ಲಿ ತಿಂದು, "ಛಲೋ ಅದಾವ" ಎಂದು ಕೈ ತೊಳೆದರು. ಎರಡನೆಯ ದಿನ ಉಪ್ಪಿಟ್ಟು ತಂದೆ. ಎರಡು ಚಮಚೆ ತಿಂದು ಅದನ್ನೂ "ಛಲೋ ಐತಿ" ಎಂದರು. ಸಂಜೆ ಸುನಂದಾಳ ಫೋನು ಬಂತು.

"ಬಾಬಾ ಏನ್ ತಿಂದ್ರು?"

"ಒಂದ್ ಪ್ಲೇಟ್ ಉಪ್ಪಿಟ್ಟು ಪೂರಾ ತಿಂದ್ರು."

"ಸುಳ್ಳು" ಎಂದಳು. ಫೋನಿನಲ್ಲಿ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯದ ಮೇಲೆ ನಾನು ಹಾಗೆ ಹೇಳಿದ್ದೆ. ಧ್ವನಿಗೂ ಒಂದು ಮುಖವಿರುತ್ತದೆ ಎಂಬುದು ಆಮೇಲೆ ತಿಳಿಯಿತು.

ಮೂರನೆಯ ದಿನ ನಾನೇ ಥಾಲಿಪೀಠ ಮಾಡುವುದೆಂದು ನಿರ್ಧರಿಸಿದೆ. ಡಬ್ಬಿಯಲ್ಲಿ ಭಾಜಣಿ ಇತ್ತು. ಧೈರ್ಯಕ್ಕೂ ಒಂದು ಕಾರಣವಿತ್ತು. ಕಂಪಾಸು ಇಲ್ಲದೆ, ಒಂದೇ ಬೀಸಿಗೆ ಬೋರ್ಡಿನ ಮೇಲೆ ವೃತ್ತ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ತಾಲೂಕಿನಲ್ಲಿ ಇಲ್ಲ. ಸಾಹೇಬರು ಯಾರಾದರೂ ಶಾಲೆಯ ತಪಾಸಣೆಗೆ ಬಂದರೆ ಹೆಡ್ ಮಾಸ್ತರರು ಮೊದಲು ನನ್ನ ತರಗತಿಗೇ ಕರೆತಂದು, "ಸರ್, ಒಂದು ರೌಂಡ್ ತಗೀರಿ" ಎನ್ನುತ್ತಾರೆ. ಹೀಗೆ ಸುಣ್ಣದ ಕಡ್ಡಿಯಲ್ಲಿ ಬಂದದ್ದು ಹಿಟ್ಟಿನಲ್ಲಿ ಬಾರದೆ ಎಲ್ಲಿ ಹೋಗುತ್ತದೆ ಎಂದುಕೊಂಡೆ. ಹಿಟ್ಟು ಕಲಸಿ ತಟ್ಟಿದೆ. ಮೊದಲನೆಯದು ಅಥಣಿ ತಾಲೂಕಿನ ನಕಾಶೆಯಂತೆ ಬಂತು. ಎತ್ತಿ ಹಂಚಿಗೆ ಹಾಕುವಾಗ ನಡುವೆ ಸೀಳಿ ಕೃಷ್ಣಾ ನದಿಯೂ ಹರಿಯಿತು. ಎರಡನೆಯದು ಬಟ್ಟೆಯನ್ನು ಬಿಟ್ಟು ಬರಲೊಪ್ಪಲಿಲ್ಲ. ಬಟ್ಟೆಯ ಒಂದು ತುದಿ ಸುಟ್ಟಿತು. ಮೂರನೆಯದನ್ನು ತಟ್ಟೆಯಲ್ಲಿಟ್ಟು ಮಾವನ ಮುಂದೆ ಹಿಡಿದೆ. ಅವರು ಅದನ್ನು ಮುರಿದರು. ಒಳಗೆ ಹಿಟ್ಟು ಹಸಿಯಾಗಿ ಹೊಳೆಯುತ್ತಿತ್ತು. ಆದರೂ ಒಂದು ತುತ್ತು ಬಾಯಿಗಿಟ್ಟುಕೊಂಡು, ಬಹಳ ಹೊತ್ತು ಅಗಿದು, ನೀರು ಕುಡಿದು, "ಛಲೋ ಐತಿ" ಎಂದರು. ಆ ಮಾತಿನ ಅರ್ಥ ನನಗೆ ಅವತ್ತು ಪೂರ್ತಿಯಾಗಿ ತಿಳಿಯಿತು.

ಶಾಲೆಯಲ್ಲಿ ಗಣಿತದ ಕುಂಬಾರ ಸರ್‌ಗೆ ಕಷ್ಟ ಹೇಳಿಕೊಂಡೆ. ಅವರು ಜೀವಮಾನದಲ್ಲಿ ಒಲೆ ಹೊತ್ತಿಸಿದವರಲ್ಲ. ಆದ್ದರಿಂದ ಅವರ ಸಲಹೆ ಬಹಳ ಖಚಿತವಾಗಿತ್ತು. "ಸೋಡಾ ಹಾಕ್ರಿ ಸರ್. ಉಬ್ಬತೈತಿ, ಒಳಗ ಗಾಳಿ ಆಡತೈತಿ, ಬೇಯತೈತಿ. ಸಾದಾ ಲೆಕ್ಕ." ಮರುದಿನ ಒಂದು ಚಮಚೆ ಸೋಡಾ ಹಾಕಿದೆ. ಥಾಲಿಪೀಠ ಉಬ್ಬಿತು. ಬಣ್ಣ ಇಟ್ಟಿಗೆಯದು, ರುಚಿ ಸಾಬೂನಿನದು. ಮಾವ ಮುರಿದ ತುಂಡನ್ನು ಮೂಸಿ ನೋಡಿ ತಟ್ಟೆಯಲ್ಲೇ ಇಟ್ಟರು. ಆವತ್ತು "ಛಲೋ ಐತಿ" ಎಂದೂ ಅನ್ನಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇನ್ನೂ ಎಂಟು ದಿನ ಬಾಕಿ ಇದ್ದವು. ಸುನಂದಾ ವಾಪಸ್ಸು ಬಂದು ಈ ಮನುಷ್ಯನನ್ನು ನೋಡಿದರೆ ನಾನು ಏನು ಹೇಳಬೇಕು?

ಐದನೆಯ ದಿನ ಬೆಳಿಗ್ಗೆ ಮತ್ತೆ ಹಿಟ್ಟು ಕಲಸುತ್ತ ನಿಂತಿದ್ದೆ. ಹಿಂದೆ ಒಂದು ಕೆಮ್ಮು ಕೇಳಿಸಿತು. ಗಾಬರಿಯಿಂದ ಎತ್ತಲು ಏನಾದರೂ ಇದೆಯೇ ಎಂದು ನೋಡಿದೆ. ಮಾವ ಜಳಕ ಮಾಡಿ, ಧೋತರ ಬಿಗಿದುಕೊಂಡು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ನನ್ನ ಕೈಯನ್ನೂ ಪಾತ್ರೆಯನ್ನೂ ನೋಡಿದರು. ಹೊರಗೆ ಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದರು.

"ಸರೀರಿ ಜಾವಯಿಬಾಪು" ಎಂದರು. ಅಳಿಯನನ್ನು ಅವರು ಮರಾಠಿಯಲ್ಲಿ ಹಾಗೆಯೇ ಕರೆಯುತ್ತಿದ್ದರು. "ಹಿಟ್ಟು ಇಷ್ಟು ಗಟ್ಟಿ ಕಲಸಿದ್ರ ಅದು ಹೆಂಗ ಬೇಯಬೇಕು? ಬಿಸಿನೀರು ತಗೊಂಡ್ ಬರ್ರಿ."

ನಾನು ಸರಿದೆ. ಅವರು ಬಿಸಿನೀರು ಹಾಕಿ ಹಿಟ್ಟನ್ನು ಸಡಿಲವಾಗಿ ಕಲಸಿದರು. ಒಂದು ಚಮಚೆ ಎಣ್ಣೆ ಹಾಕಿ ಮತ್ತೆ ನಾದಿದರು. ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಹಾಸಿದರು. ಒಂದು ಉಂಡೆ ಇಟ್ಟು ನಾಲ್ಕೇ ಬೆರಳಲ್ಲಿ ಟಪಟಪ ತಟ್ಟಿದರು. ವೃತ್ತವೆಂದರೆ ವೃತ್ತ. ನನ್ನ ಬೋರ್ಡಿನ ವೃತ್ತಕ್ಕೆ ನಾಚಿಕೆಯಾಗಬೇಕು, ಅಂಥದು. ನಡುವೆ ಒಂದು, ಸುತ್ತ ನಾಲ್ಕು ತೂತು. ಬಟ್ಟೆಸಮೇತ ಎತ್ತಿ ಹಂಚಿನ ಮೇಲೆ ಬೋರಲು ಹಾಕಿ ಬಟ್ಟೆಯನ್ನು ಮೆತ್ತಗೆ ಸುಲಿದರು. ಐದೂ ತೂತಿಗೆ ಎಣ್ಣೆ ಬಿಟ್ಟು, ಉರಿ ಸಣ್ಣ ಮಾಡಿ, ತಟ್ಟೆ ಮುಚ್ಚಿದರು. ನಾನು ಬಾಯಿ ತೆರೆದು ನಿಂತಿದ್ದೆ.

"ಮಾಮಾ, ನಿಮಗ ಇದು ಹೆಂಗ..."

ಮಾವ ಮುಚ್ಚಿದ ತಟ್ಟೆಯ ಕಡೆಗೇ ನೋಡುತ್ತ ಹೇಳಿದರು. "ನಿಮ್ಮ ಅತ್ತಿ ಬೀಡಿ ಕಟ್ಟತಿದ್ಳು. ಗೊತ್ತೈತೆಲ್ಲ? ಹತ್ತು ಗಂಟೇಕ್ಕ ಕಟ್ಟಿದ್ದು ಒಯ್ದು ಕೊಡಬೇಕು. ಸುನಂದಾನ ತಮ್ಮ ಹುಟ್ಟಿದ ಮ್ಯಾಲೆ ಆಕಿ ನಡಾ ಹಿಡಕೊಂತು. ಬೀಡಿ ಮುಂದರ ಕೂಡಬೇಕು, ಒಲಿ ಮುಂದರ ಕೂಡಬೇಕು. ಎರಡೂ ಆಗೂದಿಲ್ಲ. ಅಡಗಿಮನಿ ಮೂಲ್ಯಾಗ ಆಕಿ ಬೀಡಿ ಕಟ್ಟತಿದ್ಳು, ನಾ ಹಿಟ್ಟ ತಟ್ಟತಿದ್ದೆ. ಮೂವತ್ತ ವರ್ಸ."

"ಸುನಂದಾಗ ಗೊತ್ತಿಲ್ಲೇನ್ರಿ?"

"ಯಾರಿಗೂ ಗೊತ್ತಿಲ್ಲ. ಬಾಗಲಾ ಮುಚ್ಚತಿದ್ವಿ. ಗಾಳಿಗೆ ಬೀಡಿ ಎಲಿ ಒಣಗತಾವ ಅಂತ ಹೇಳತಿದ್ವಿ. ವಖಾರ್ಯಾಗ ನಲವತ್ತ ಮಂದಿ ನನ್ನ ಕೈಕೆಳಗ. ಮುಕಾದಮ ಮನ್ಯಾಗ ಹಿಟ್ಟ ತಟ್ಟತಾನ ಅಂತ ತಿಳಿದಿದ್ರ ನನ್ನ ಮಾತು ಯಾರ್ ಕೇಳತಿದ್ರು?"

"ಹಂಗಾದ್ರ ಇಷ್ಟು ದಪ್ಪ ಯಾಕ್ರಿ ಮಾಮಾ? ಅದರಾಗ ಏನರ ವಿಶೇಷ ಐತೇನು?"

"ಎಂಥಾ ವಿಶೇಷ! ತೆಳ್ಳಗ ಮಾಡಿದ್ರ ಇಪ್ಪತ್ತ ಮಾಡಬೇಕು. ದಪ್ಪ ಮಾಡಿದ್ರ ಹತ್ತಕ್ಕ ಮುಗೀತು. ನನಗ ವಖಾರಿಗೆ ಹೊತ್ತಾಗತಿತ್ತು."

ಹದಿನಾಲ್ಕು ವರ್ಷ ನಾವು ಗಂಡಹೆಂಡತಿ ಆ ದಪ್ಪದಲ್ಲಿ ಎಷ್ಟೆಲ್ಲ ಕಂಡಿದ್ದೆವು! ತಾಯಿಯ ಪ್ರೀತಿ, ಹಳೆಯ ಕಾಲದವರ ಉದಾರತೆ, ಕೈಗುಣ. ಇದ್ದದ್ದು ಮುಕಾದಮರ ಅವಸರ.

ಮಾವ ತಟ್ಟೆ ತೆಗೆದು ಥಾಲಿಪೀಠವನ್ನು ಮಗುಚಿದರು. ಅಡುಗೆಮನೆಯ ತುಂಬ ವಾಸನೆ ಹರಡಿತು. "ಮೊದಲನೇದು ದಿನಾ ಆಕಿಗೇ ಕೊಡತಿದ್ದೆ. ಆಕಿ ಕೈಯಾಗ ತಂಬಾಕು ಇರತಿತ್ತು, ತುತ್ತು ಮಾಡಿ ನಾನ ತಿನಸತಿದ್ದೆ" ಎಂದರು. ಆಮೇಲೆ ಧೋತರದ ತುದಿಯಿಂದ ಮುಖ ಒರೆಸಿಕೊಂಡು, "ಉಳ್ಳಾಗಡ್ಡಿ ಭಾಳ ಖಾರ ಅದಾವ" ಎಂದರು. ಉಳ್ಳಾಗಡ್ಡಿ ಹೆಚ್ಚಿ ಅರ್ಧ ಗಂಟೆಯಾಗಿತ್ತು. ಏನು ಮಾಡಬೇಕೆಂದು ತೋಚದೆ, ಆ ಥಾಲಿಪೀಠದ ಒಂದು ತುಂಡು ಮುರಿದು ಅವರ ಮುಂದೆ ಹಿಡಿದೆ. ಬಾಯಿಗೆ ಹಿಡಿಯಬೇಕೆಂದುಕೊಂಡಿದ್ದೆ, ಮೀಸೆ ನೋಡಿ ಧೈರ್ಯ ಸಾಲದೆ ಕೈಗೆ ಕೊಟ್ಟೆ. ಅವರು ತಿಂದರು. ಇನ್ನೊಂದು ತುಂಡು ತಾವೇ ಮುರಿದುಕೊಂಡರು. ಆವತ್ತು ಇಬ್ಬರೂ ನಿಂತಲ್ಲೇ ಎರಡೆರಡು ಮುಗಿಸಿದೆವು. ಸುನಂದಾಳ ಮುಂದೆಯೂ ಈ ಗುಟ್ಟು ಬಿಡುವುದಿಲ್ಲವೆಂದು ಅವರು ನನ್ನಿಂದ ಮಾತು ತೆಗೆದುಕೊಂಡರು.

ಸಂಜೆ ಫೋನಿನಲ್ಲಿ, "ಬಾಬಾ ಎರಡು ಥಾಲಿಪೀಠ ತಿಂದ್ರು" ಎಂದೆ. "ಸುಳ್ಳು ಹೇಳಿದ್ರೂ ನಂಬೂ ಹಂಗ ಹೇಳ್ರಿ" ಎಂದು ಸುನಂದಾ ಫೋನಿಟ್ಟಳು.

ಆಮೇಲೆ ಏಳು ದಿನ ಚಿಲಕ ಹಾಕಿದ ಮನೆಯಲ್ಲಿ ನನ್ನ ತರಬೇತಿ ನಡೆಯಿತು. ಬೆಳಗಾವಿಯ ತರಬೇತಿಯಲ್ಲಿ ಚಹದ ವಿರಾಮವಾದರೂ ಇತ್ತಂತೆ. ಇಲ್ಲಿ ತಪ್ಪಿದರೆ ಕೆಮ್ಮು. ಹದಿಮೂರನೆಯ ದಿನ ಬೆಳಿಗ್ಗೆ ಸುನಂದಾ ಮನೆಗೆ ಬಂದಾಗ ತಟ್ಟೆಯಲ್ಲಿ ಥಾಲಿಪೀಠ ಸಿದ್ಧವಾಗಿತ್ತು. ಬಂದವಳೇ ತಂದೆಯ ಮುಖ ನೋಡಿದಳು. ಗಲ್ಲ ಒಂದಿಷ್ಟು ತುಂಬಿತ್ತು. ಕೂತು ಒಂದು ತುತ್ತು ತಿಂದಳು. ತಿನ್ನುತ್ತ ತಿನ್ನುತ್ತ ಕಣ್ಣಲ್ಲಿ ನೀರು ಬಂತು.

"ಆಯಿ ಕೈದು ತಿಂದಂಗ ಆತು. ಯಾರ್ ಮಾಡಿದ್ದು?"

ನಾನು ಮಾವನನ್ನು ನೋಡಿದೆ. ಮಾವ ಪೇಪರಿನ ಹಿಂದೆ ಇದ್ದರು. ಅಲ್ಲಿಂದಲೇ, "ಜಾವಯಿಬಾಪು ಮಾಡ್ಯಾರ. ಭಾಳ ಛಲೋ ಕೈ ಐತಿ ಅವರ್ದು" ಎಂದರು.

ಹಾಗೆ ನನಗೆ ಶಿಕ್ಷೆ ಜಾರಿಯಾಯಿತು. ಸುನಂದಾ ಏಳೂವರೆಯ ಬಸ್ಸಿಗೆ ಹೋಗಬೇಕು, ಮಾವ ಹೊಟ್ಟೆತುಂಬ ತಿನ್ನಬೇಕು. ಆದ್ದರಿಂದ ಬೆಳಗಿನ ನಾಷ್ಟಾ ಕಾಯಂ ನನ್ನದಾಯಿತು. ಮಂಗಳವಾರ ಥಾಲಿಪೀಠ, ಗುರುವಾರ ಥಾಲಿಪೀಠ, ಭಾನುವಾರ ಥಾಲಿಪೀಠ. ಉಳಿದ ದಿನ ಹಿಂದಿನ ದಿನದ ಥಾಲಿಪೀಠ. ಓಣಿಯಲ್ಲಿ ಹೆಸರಾಯಿತು. ಕುಂಬಾರ ಸರ್ ನನ್ನ ಡಬ್ಬಿಯಿಂದ ಒಂದು ತಿಂದು, "ನೋಡ್ರಿ, ನಾ ಹೇಳಿದ್ನೆಲ್ಲ, ಸೋಡಾದ್ದು ಕರಾಮತ್ತು" ಎಂದರು. ಅಲ್ಲಗಳೆದರೆ ಹಿಂದಿನ ಕತೆಯೆಲ್ಲ ಬಿಚ್ಚಬೇಕಾಗುತ್ತಿತ್ತು. ಹೂಂ ಎಂದೆ.

ಎಂಟು ತಿಂಗಳು ಹೀಗೆ ಕಳೆದವು. ಒಂದು ಭಾನುವಾರ ಮಾವ ಹಳೆಯ ಗೆಳೆಯರ ಮನೆಯ ಮದುವೆಗೆಂದು ನಿಪ್ಪಾಣಿಗೆ ಹೋಗಿದ್ದರು. ನಾನು ಥಾಲಿಪೀಠ ತಟ್ಟುತ್ತಿದ್ದೆ. ಸುನಂದಾ ಅಡುಗೆಮನೆಯ ಕಟ್ಟೆಗೆ ಒರಗಿ ಚಹಾ ಕುಡಿಯುತ್ತಿದ್ದಳು. ಸಂತೋಷದಲ್ಲಿದ್ದಳು. ನನಗೂ ಹುರುಪು ಬಂದು, "ಏನರ ಅನ್ನು, ನಿಮ್ಮ ಆಯಿ ಕೈಗುಣ ಈ ಮನ್ಯಾಗ ನನಗ ಒಬ್ಬಾವಗ ಬಂತು ನೋಡು" ಎಂದೆ.

"ಆಯಿದು ಎಲ್ಲೀದು? ಅದು ಬಾಬಾನ ಕೈಗುಣ" ಎಂದಳು ಸುನಂದಾ.

ಕೈಯಲ್ಲಿದ್ದ ಬಟ್ಟೆ ಜಾರಿತು.

"ಆಯಿ ಕೈ ತಂಬಾಕು ನಾರತಿದ್ದುವ್ರಿ. ಆಕಿ ತಲಿ ಬಾಚಿದ್ರ ತಲಿ ನಾರತಿತ್ತು, ಊಟಾ ಮಾಡಿಸಿದ್ರ ತುತ್ತು ನಾರತಿತ್ತು. ಥಾಲಿಪೀಠ ಒಂದ ನಾರತಿದ್ದಿಲ್ಲ. ಬಾಬಾ ಮುಂಜಾನೆದ್ದು ಜಳಕಾ ಮಾಡಿ ಮಾಡತಿದ್ರು, ವಖಾರಿಗೆ ಹೋಗೂದು ಆಮ್ಯಾಲೆ. ಏಳು ವರ್ಸದಾಕಿ ಇದ್ದಾಗನ ನನಗ ತಿಳಿದಿತ್ತು. ಆಯಿಗೆ ಕೇಳಿದೆ. ಯಾರ ಮುಂದೂ ಅನಬ್ಯಾಡ, ಬಾಬಾಗ ನಾಚಿಕಿ ಆಗತೈತಿ ಅಂದ್ಳು. ಅದಕ್ಕ ಇವತ್ತಿನ ತನಕಾ ಆಯಿ ಕೈಗುಣ ಅಂತನ ಹೇಳ್ಕೋತ ಬಂದೀನಿ."

"ನಾ ಬಾಬಾಗ ಮಾತು ಕೊಟ್ಟಿದ್ದೆ, ಅದಕ್ಕ ಹೇಳಲಿಲ್ಲ" ಎಂದೆ. ನನ್ನ ಧ್ವನಿ ನನಗೇ ಉದಾತ್ತವಾಗಿ ಕೇಳಿಸಿತು.

"ಮಾತು ಕೊಟ್ಟಿದ್ರಿ, ಖರೇ. ಹಂಗಾದ್ರ ಬಾಯಿ ಮುಚ್ಚಿಕೊಂಡು ಇರಬೇಕಾಗಿತ್ತು. ಆಯಿ ಕನಸಿನ್ಯಾಗ ಬಂದು, ನನ್ನ ಕೈ ಹಿಡಿದು, ಹಿಂಗ ತಟ್ಟಪಾ ಅಂತ ಕಲಿಸಿದ್ಳು ಅಂತ ಬಾಜೂ ಮನಿ ಅಕ್ಕಾರ ಮುಂದ ಹೇಳ್ರಿ ಅಂತ ಯಾರ್ ಹೇಳಿದ್ರು?"

ಈ ಕನಸಿನ ವಿಷಯವನ್ನು ನಿಮಗೂ ಹೇಳಬಾರದೆಂದಿದ್ದೆ. ಹೇಗೆ ಕಲಿತಿರಿ ಎಂದು ಜನ ಪದೇ ಪದೇ ಕೇಳುತ್ತಿದ್ದರು. ಏನಾದರೂ ಹೇಳಬೇಕಿತ್ತು. ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಅದಕ್ಕೆ ಹಸಿರು ಸೀರೆ ಬಂತು, ಮೂರನೆಯ ಸಲ ಅತ್ತೆ ನನ್ನ ತಲೆಯ ಮೇಲೆ ಕೈಯಿಟ್ಟರು. ಕೇಳಿದ ಇಬ್ಬರು ಹೆಂಗಸರು ಅತ್ತಿದ್ದರು. ಅವರ ಜೊತೆ ನಾನೂ ಕರವಸ್ತ್ರ ತೆಗೆದಿದ್ದೆ.

ಸುನಂದಾ ಚಹದ ಕಪ್ಪು ತೊಳೆದಿಟ್ಟು, "ಬಾಬಾಗ ಮಾತ್ರ ನನಗ ಗೊತ್ತೈತಿ ಅಂತ ತಿಳೀಬಾರದು" ಎಂದು ಹೊರಗೆ ಹೋದಳು. ಹಂಚಿನ ಮೇಲಿನದು ಒಂದು ಕಡೆ ಕರ್ರಗಾಗಿತ್ತು. ಅದನ್ನು ನನ್ನ ತಟ್ಟೆಗೆ ಹಾಕಿಕೊಂಡೆ.

ಎರಡು ದಿನದ ಮೇಲೆ ಮಾವ ನಿಪ್ಪಾಣಿಯಿಂದ ಬಂದರು. ಸುನಂದಾ ಬಸ್ಸಿಗೆ ಹೋದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಆಕಿ ಮುಂದ ಏನೂ ಅಂದಿಲ್ಲ ಹೌದಲ್ರಿ?" ಎಂದು ಕೇಳಿದರು.

"ಒಂದ್ ಮಾತೂ ಅಂದಿಲ್ರಿ ಮಾಮಾ" ಎಂದೆ. ಅದು ಅಕ್ಷರಶಃ ನಿಜವಾಗಿತ್ತು. ಅಂದವಳು ಅವಳು.

ಮಾವ ನನ್ನ ಭುಜ ತಟ್ಟಿದರು. ಹದಿನೈದು ವರ್ಷದಲ್ಲಿ ಅದೇ ಮೊದಲು. "ನಂಬಿಕಸ್ತ ಮನಿಷ್ಯಾ ಅದೀರಿ ನೀವು. ನಿಮ್ಮಂಥಾವ್ರು ಈಗ ಸಿಗೂದಿಲ್ಲ" ಎಂದರು. ಹೀಗೆ ಇನ್ನೊಂದು ಬಿರುದೂ, ನಾನು ಏನೂ ಮಾಡದೆಯೇ, ನನ್ನ ಪಾಲಿಗೆ ಬಂತು. ಬೇಡ ಎನ್ನುವ ಅಭ್ಯಾಸ ನನಗೆ ಆಗಲೇ ತಪ್ಪಿಹೋಗಿತ್ತು. ಅದನ್ನೂ ಇಟ್ಟುಕೊಂಡೆ.